ಒಪ್ಪೋಲೆಯಿಲ್ಲದ ತಪ್ಪುಗಳು

ಹಿಂದಿನ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ಒಪ್ಪೋಲೆ’ ಎಂಬ ತಲೆಬರಹದ ಒಂದೆರಡು ಪುಟಗಳಿರುತ್ತಿದ್ದುದನ್ನು ವಾಚಕರಲ್ಲಿ ಹಿರಿಯರಾದವರು ಬಲ್ಲರು. ಮೊಳೆ ಜೋಡಿಸಿದವನ ಅನವಧಾನದಿಂದಲೋ ಕರಡು ತಿದ್ದಿದವನ ಕಣ್ಣಿನ ಆಯಾಸದಿಂದಲೋ ಒಳಗೆ ನುಸುಳಿದ ತಪ್ಪುಗಳನ್ನು ಪುಟ, ಪಂಕ್ತಿಗಳ ಸಂಖ್ಯೆಸಹಿತ ಒಪ್ಪಿಕೊಂಡು, ಸಹೃದಯರು ತಿದ್ದಿಕೊಂಡು ಓದಬೇಕೆಂದು ಬಿನ್ನವಿಸುವ ಆ ಪುಟಗಳು ದೀರ್ಘವಾದಷ್ಟೂ ಮುದ್ರಣಾಲಯದ ಕೀರ್ತಿಗೆ ಕುಂದೇ ಹೊರತು, ತಪ್ಪು ಹೇರಳವಾಗಿವೆಯೆಂಬ ಕಾರಣಕ್ಕಾಗಿ ನಾಲ್ಕಾಣೆ ಹೆಚ್ಚು ತೆತ್ತು ಪುಸ್ತಕ ಕೊಂಡ ಮಹಾನುಭಾವನನ್ನು ನಾನಂತೂ ಕಂಡಿಲ್ಲ. ಆದರೆ ಅದೇ ಕಾಗದ, ಅದೇ ಮಸಿ, ಅದೇ ಮನುಷ್ಯಹಸ್ತಗಳು ಕೂಡಿ ಅಂಚೆಚೀಟಿಯೆಂಬ ಅಂಗುಲಪ್ರಮಾಣದ ಚಿತ್ರವನ್ನು ಅಚ್ಚುಹಾಕುವಾಗ ಎಲ್ಲಿಯಾದರೂ ಎಡವಿದರೆ, ಆ ಎಡವಿದ ಗುರುತಿಗೆ ಸಾವಿರಗಟ್ಟಲೆ, ಒಮ್ಮೊಮ್ಮೆ ಕೋಟಿಗಟ್ಟಲೆ ಹಣ ಸುರಿಯುವುದಕ್ಕೆ ಲೋಕದಲ್ಲಿ ಜನ ಸಿದ್ಧರಾಗಿದ್ದಾರೆ. ಒಂದೆಡೆ ಲಜ್ಜೆಗೆ ಕಾರಣವಾದುದು ಇನ್ನೊಂದೆಡೆ ಲಕ್ಷ್ಮಿಗೆ ಕಾರಣವಾಗುವ ಈ ವಿಪರ್ಯಾಸದ ಮರ್ಮವೇನು, ಯಾವ ತಪ್ಪಿಗೆ ಬೆಲೆಯುಂಟು, ಯಾವುದಕ್ಕಿಲ್ಲ, ಸಾಮಾನ್ಯನಾದವನು ಅದನ್ನು ಗುರುತಿಸುವ ಬಗೆ ಹೇಗೆ ಎಂಬುದನ್ನು ತುಸು ಸಾವಧಾನವಾಗಿ ನೋಡೋಣ.

ಈ ಚಿಂತನೆಗೆ ಮುಂಬಯಿಯಲ್ಲಿ ತಕ್ಕ ಸ್ಥಳವೊಂದಿದೆ. ಮಾಟುಂಗದಿಂದ ಹೊರಟ ಲೋಕಲ್ ರೈಲು ನಮ್ಮನ್ನು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ, ಹಳಬರ ಬಾಯಲ್ಲಿ ಇನ್ನೂ ವಿ.ಟಿ.ಯೇ ಆಗಿರುವ ನಿಲ್ದಾಣದಲ್ಲಿ, ಇಳಿಸಿದ ಬಳಿಕ ಸ್ವಲ್ಪ ನಡೆದರೆ ಎದುರಾಗುವ ಜನರಲ್ ಪೋಸ್ಟ್ ಆಫೀಸಿನ ಗುಮ್ಮಟ ಕನ್ನಡಿಗನ ಕಣ್ಣಿಗೆ ಪರಕೀಯವಲ್ಲ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿಯ ಕಲ್ಪನೆಯಂತೆ 1913ರಲ್ಲಿ ಪೂರ್ಣಗೊಂಡ ಈ ಸೌಧದ ನಡುಗುಮ್ಮಟಕ್ಕೆ ವಿಜಾಪುರದ ಗೋಲಗುಮ್ಮಟವೇ ಮಾದರಿ. ಅದರೊಳಗೆ ಸಂಗ್ರಾಹಕರಿಗಾಗಿಯೇ ಮೀಸಲಾದ ಫಿಲಾಟೆಲಿಕ್ ಬ್ಯೂರೋ ಇದೆ. ಹೊರಗೆ, ಫೋರ್ಟಿನ ಫುಟ್‌ಪಾತುಗಳಲ್ಲಿ, ಹಳೆಯ ನಾಣ್ಯ, ಚೀಟಿ, ಲಕೋಟೆಗಳನ್ನು ಹರಡಿಕೊಂಡು ಕೂರುವ ವ್ಯಾಪಾರಿಗಳಿದ್ದಾರೆ. ಭಾರತದ ಅಂಚೆಚೀಟಿಗಳನ್ನು ಕುರಿತು ಪುಸ್ತಕಗಳನ್ನು ಬರೆದು, ಸಂಗ್ರಾಹಕರಿಗಾಗಿ ಪತ್ರಿಕೆಯೊಂದನ್ನು ನಡೆಸಿದ ಪಾರ್ಸಿ ವಿದ್ವಾಂಸ ಜಾಲ್ ಕೂಪರ್ ಈ ನಗರದವರೇ. ಹೀಗಾಗಿ ಚೀಟಿಯ ಗೀಳು ಇಲ್ಲಿ ಶಾಲಾಬಾಲಕರ ಆಟವಾಗಿ ಮಾತ್ರ ಉಳಿಯದೆ, ಒಂದು ಶಾಸ್ತ್ರವಾಗಿಯೂ ವ್ಯಾಪಾರವಾಗಿಯೂ ಬೆಳೆದಿದೆ.

ಹೋದ ಮಳೆಗಾಲದಲ್ಲಿ, ಊರ ಕಡೆಯ ಪರಿಚಯದಿಂದ ಆಗಾಗ ನಮ್ಮ ಮನೆಗೆ ಬರುವ ತರುಣನೊಬ್ಬನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿ ತಂದ ಒಂದು ಚೀಟಿಯನ್ನು ಮೇಜಿನ ಮೇಲಿರಿಸಿ, “ಮಾಮ, ಇದಕ್ಕೆ ಮೂರೇ ಕಡೆ ಹಲ್ಲು ಉಂಟು, ನಾಲ್ಕನೇ ಕಡೆ ಇಲ್ಲವೇ ಇಲ್ಲ. ಎಷ್ಟು ಸಿಗಬಹುದು?” ಎಂದು ಕೇಳಿದನು. ಅದೇ ಮಾಲೆಯ ಸಾಧಾರಣ ಚೀಟಿಯೊಂದನ್ನು ಆಲ್ಬಮಿನಿಂದ ತೆಗೆದು ಅದರ ಪಕ್ಕದಲ್ಲಿಟ್ಟು ನೋಡಿದೆವು. ಅವನ ಚೀಟಿ ಒಂದು ಎಳೆಯಷ್ಟು ಕಿರಿದಾಗಿತ್ತು. ಹಿಂದೆಂದೋ ಯಾರೋ ಲಕೋಟೆಯಿಂದ ಚೀಟಿಯನ್ನು ಬಿಡಿಸುವ ಆತುರದಲ್ಲಿ ಕತ್ತರಿ ಆಡಿಸಿದ್ದರು, ಅಷ್ಟೆ. ಅವನ ಮುಖ ಸಪ್ಪಗಾದುದನ್ನು ಕಂಡು ನನಗೆ ವ್ಯಥೆಯಾಯಿತಾದರೂ, ಆ ಕತ್ತರಿಯ ಗುರುತು ಅವನಿಗೂ ನನಗೂ ಈ ಶಾಸ್ತ್ರದ ಮೊದಲನೆಯ ಸೂತ್ರವನ್ನು ಸ್ಪಷ್ಟಪಡಿಸಿತು: ವಿಚಿತ್ರವಾದ ಚೀಟಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದಕ್ಕೆಷ್ಟು?’ ಎಂಬುದಲ್ಲ, ‘ಅಚ್ಚುಕೂಟದ ಯಾವ ಮೆಟ್ಟಿಲಿನಲ್ಲಿ ಇದು ಹೀಗಾಗಲು ಸಾಧ್ಯ?’ ಎಂಬುದು. ಈ ಪ್ರಶ್ನೆಗೆ ಉತ್ತರ ದೊರೆಯದ ಚೀಟಿ ಗಾಯಗೊಂಡ ಚೀಟಿಯೇ ಹೊರತು ದೋಷದ ಚೀಟಿಯಲ್ಲ.

ಅಚ್ಚಿನ ಮೆಟ್ಟಿಲುಗಳಿಗೆ ಬರುವ ಮುನ್ನ, ಅಲ್ಲಿಗೆ ಸೇರದ ಒಂದು ಬಗೆಯ ತಪ್ಪನ್ನು ಬೇರ್ಪಡಿಸಬೇಕು. ಸ್ವತಂತ್ರ ಭಾರತವು 1949ರ ಆಗಸ್ಟ್ 15ರಂದು ಹೊರಡಿಸಿದ ಪುರಾತತ್ತ್ವ ಮಾಲೆಯಲ್ಲಿ ಮುಂಬಯಿಯ ಎದುರಿನ ಘಾರಾಪುರಿಯ ತ್ರಿಮೂರ್ತಿ ಒಂಬತ್ತು ಪೈ ಚೀಟಿಯ ಮೇಲೂ, ನಮ್ಮ ಗೋಲಗುಮ್ಮಟ ಆರಾಣೆಯ ಚೀಟಿಯ ಮೇಲೂ ವಿರಾಜಿಸಿದವು. ಒಂದಾಣೆಯ ಚೀಟಿಯ ಮೇಲಿನ ಬೋಧಿಸತ್ತ್ವ ಮಾತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ, ಚಾಚಬೇಕಾದ ಬಲಗೈಗೆ ಬದಲಾಗಿ ಎಡಗೈಯನ್ನು ಚಾಚಿ ನಿಂತನು. 1950ರ ಜುಲೈಯಲ್ಲಿ ತಿದ್ದಿದ ಚೀಟಿ ಬಂದಿತು. ಇದು ಮುದ್ರಣದ ತಪ್ಪಲ್ಲ, ವಿನ್ಯಾಸದ ತಪ್ಪು. ಯಂತ್ರವು ತನಗೆ ಕೊಟ್ಟ ಚಿತ್ರವನ್ನು ನಿಷ್ಠೆಯಿಂದಲೇ ಅಚ್ಚುಹಾಕಿತು. ಇಂಥ ತಪ್ಪು ಆ ಮುದ್ರಣದ ಪ್ರತಿಯೊಂದು ಚೀಟಿಯಲ್ಲಿಯೂ ಇರುವುದರಿಂದ ಅದು ಸ್ವಾರಸ್ಯಕರವಾದ ಕಥೆಯಾದೀತೇ ಹೊರತು ಅಪೂರ್ವವಸ್ತುವಾಗದು. ಎಡಗೈ, ಬಲಗೈ ಎರಡೂ ಬೋಧಿಸತ್ತ್ವರನ್ನು ಇಂದಿಗೂ ಸಾಮಾನ್ಯ ಸಂಗ್ರಾಹಕನು ತನ್ನ ಅಳವಿನೊಳಗೆ ಪಡೆಯಬಹುದು.

ಇನ್ನು ಮುದ್ರಣಕ್ಕೆ ಬರೋಣ. ಮುಂಬಯಿಗೆ ಅನತಿದೂರದ ನಾಸಿಕದಲ್ಲಿ 1925ರಲ್ಲಿ ಸ್ಥಾಪಿತವಾಗಿ, ಮರುವರ್ಷದಿಂದ ನಮ್ಮ ಚೀಟಿಗಳನ್ನು ಅಚ್ಚುಹಾಕತೊಡಗಿದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಾಗಲಿ, ಅದಕ್ಕೆ ಮುಂಚೆ ಏಳು ದಶಕಗಳ ಕಾಲ ಭಾರತದ ಚೀಟಿಗಳನ್ನು ಪೂರೈಸಿದ ಲಂಡನ್ನಿನ ಡಿ ಲಾ ರೂ ಸಂಸ್ಥೆಯಲ್ಲಾಗಲಿ, ಚೀಟಿಯೊಂದು ಹುಟ್ಟುವ ಕ್ರಮ ಸ್ಥೂಲವಾಗಿ ಒಂದೇ: ಕಾಗದ, ಬಣ್ಣ, ಬೇಕಾದರೆ ಮೇಲಚ್ಚು, ಅಂಟು, ಕೊನೆಗೆ ಹಲ್ಲುಸಾಲು. ಪ್ರತಿಯೊಂದು ಮೆಟ್ಟಿಲಿಗೂ ತನ್ನದೇ ಆದ ತಪ್ಪುಂಟು.

ಹಳೆಯ ಕಾಗದದೊಳಗೆ ವಂಚಕರನ್ನು ತಡೆಯುವುದಕ್ಕಾಗಿ ನೀರುಗುರುತು ಇರುತ್ತಿದ್ದಿತು. 1865ರಿಂದ ಭಾರತದ ಚೀಟಿಗಳಿಗೆ ಆನೆಯ ತಲೆ, ಆಮೇಲೆ ನಕ್ಷತ್ರ, ಸ್ವಾತಂತ್ರ್ಯಾನಂತರ ಅಶೋಕಸ್ತಂಭದ ಶಿರೋಭಾಗ. ಕಾಗದದ ಹಾಳೆಯನ್ನು ಯಂತ್ರಕ್ಕೆ ತಲೆಕೆಳಗಾಗಿ ಉಣಿಸಿದರೆ ಗುರುತೂ ತಲೆಕೆಳಗಾಗಿ ನಿಲ್ಲುತ್ತದೆ. ಇದನ್ನು ಕಾಣಬೇಕಾದರೆ ಚೀಟಿಯನ್ನು ಬೆನ್ನುಮೇಲಾಗಿ ಕರಿಯ ತಟ್ಟೆಯಲ್ಲಿರಿಸಿ ಕೆಲವು ಹನಿ ಬೆಂಜೀನ್ ಬಿಡುವುದು ಹಳೆಯ ರೂಢಿ. ಈ ದೋಷ ಬಹಳ ಸಲ ಸಂಭವಿಸಿದುದರಿಂದ ಸಾಮಾನ್ಯವಾಗಿ ಬೆಲೆ ಅಲ್ಪ. ಆದರೂ ಕಣ್ಣನ್ನು ಪಳಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಬಣ್ಣದ ಮೆಟ್ಟಿಲಿನಲ್ಲಿ ತಪ್ಪುಗಳ ಸಂತಾನ ದೊಡ್ಡದು. ಬಹುವರ್ಣದ ಚೀಟಿಯಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸಿಲಿಂಡರು ಅಥವಾ ಪ್ಲೇಟು ಇರುವುದರಿಂದ, ಹಾಳೆ ಕೂದಲೆಳೆಯಷ್ಟು ಜರುಗಿದರೂ ತುಟಿಯ ಕೆಂಪು ಗಲ್ಲಕ್ಕಿಳಿಯುತ್ತದೆ; ಸಂಗ್ರಾಹಕರು ಇದನ್ನು ಬಣ್ಣ ಜರುಗಿದ ಚೀಟಿಯೆನ್ನುತ್ತಾರೆ, ಕೌತುಕಕ್ಕಾಗಿ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ. ಒಂದು ಬಣ್ಣ ಜರುಗದೆ ಸಂಪೂರ್ಣವಾಗಿ ಲೋಪವಾದರೆ ಮಾತ್ರ ಅದು ನಿಜವಾದ ದೋಷವೆನಿಸಿ ಕ್ಯಾಟಲಾಗಿನಲ್ಲಿ ಸ್ಥಾನ ಪಡೆಯುತ್ತದೆ. ‘ಸಂಪೂರ್ಣ’ವೆಂಬ ಈ ಪದದ ಮೇಲೆ ದೊಡ್ಡ ದೊಡ್ಡ ಮೊತ್ತಗಳು ನಿಂತಿವೆ: ಭೂತಗನ್ನಡಿಯಲ್ಲಿ ಆ ಬಣ್ಣದ ಒಂದೇ ಒಂದು ಚುಕ್ಕೆ ಕಂಡರೂ ದೋಷ ಕೌತುಕದ ದರ್ಜೆಗೆ ಇಳಿಯುತ್ತದೆ. ಒದ್ದೆಯಾದ ಹಾಳೆಯ ಮೇಲೆ ಇನ್ನೊಂದು ಹಾಳೆ ಕುಳಿತು, ಅದರ ಬೆನ್ನಿನ ಮೇಲೆ ಚಿತ್ರದ ಪ್ರತಿಬಿಂಬ ಮೂಡುವುದೂ, ಮಡಚಿದ ಕಾಗದದ ಮೇಲೆ ಅಚ್ಚು ಬಿದ್ದು ಬಿಡಿಸಿದಾಗ ಬಿಳಿಯ ಪಟ್ಟಿಯೊಂದು ಉಳಿಯುವುದೂ ಇದೇ ವಂಶದವು.

ಮೇಲಚ್ಚು, ಎಂದರೆ ಓವರ್‌ಪ್ರಿಂಟ್, ತಪ್ಪುಗಳ ಅತ್ಯಂತ ಫಲವತ್ತಾದ ಭೂಮಿ. ಬ್ರಿಟಿಷರೊಡನೆ ಅಂಚೆಯ ಒಡಂಬಡಿಕೆ ಮಾಡಿಕೊಂಡ ಚಂಬಾ, ಪಟಿಯಾಲಾ ಮುಂತಾದ ಸಂಸ್ಥಾನಗಳಿಗಾಗಿ ಭಾರತದ ಚೀಟಿಗಳ ಮೇಲೆ ಸಂಸ್ಥಾನದ ಹೆಸರನ್ನು ಇಂಗ್ಲಿಷಿನಲ್ಲಿ ಬಿಡಿ ಮೊಳೆಗಳಿಂದ ಅಚ್ಚುಹಾಕುತ್ತಿದ್ದಾಗ, ಚಂಬಾದ ಒಂದು ಚೀಟಿಯಲ್ಲಿ ‘ಎ’, ‘ಎಮ್’ ಅಕ್ಷರಗಳು ಪರಸ್ಪರ ಸ್ಥಳ ಬದಲಿಸಿಕೊಂಡವು. ಪಟಿಯಾಲಾದ ಒಂದರಲ್ಲಿ ಮೊದಲಕ್ಷರ ‘ಪಿ’ ಇರಬೇಕಾದಲ್ಲಿ ‘ಎ’ ಕುಳಿತಿತು. ಪುಸ್ತಕದಲ್ಲಾಗಿದ್ದರೆ ಒಪ್ಪೋಲೆಗೆ ಸೇರಬಹುದಾಗಿದ್ದ ಈ ಪಲ್ಲಟಗಳು ಇಂದು ತಜ್ಞರ ಚರ್ಚೆಯ ವಸ್ತುಗಳು. ಹತ್ತಿರದ ಕಾಲದ ಉದಾಹರಣೆ ಬೇಕಾದರೆ, 1971ರ ಕೊನೆಯಲ್ಲಿ ಬಂಗಾಳದ ನಿರಾಶ್ರಿತರ ನೆರವಿಗಾಗಿ ಪ್ರತಿ ಪತ್ರಕ್ಕೂ ಐದು ಪೈಸೆಯ ಹೆಚ್ಚುವರಿ ಚೀಟಿ ಕಡ್ಡಾಯವಾದಾಗ, ಹೊಸ ಚೀಟಿ ಸಿದ್ಧವಾಗುವವರೆಗೆ ಕುಟುಂಬಯೋಜನೆಯ ಐದು ಪೈಸೆಯ ಚೀಟಿಯ ಮೇಲೆಯೇ ಪರಿಹಾರದ ಪದಗಳನ್ನು ಒತ್ತಲಾಯಿತು. ಬೆಂಗಳೂರೇ ಮೊದಲಾದ ಕಡೆ ಸ್ಥಳೀಯವಾಗಿಯೂ ಒತ್ತಿದುದರಿಂದ ಅಕ್ಷರಗಳ ಗಾತ್ರ, ಆಕಾರಗಳಲ್ಲಿ ಭೇದಗಳುಂಟಾದವು. ಆತುರದಲ್ಲಿ ಮಾಡಿದ ಮೇಲಚ್ಚಿನಲ್ಲಿ ಭೇದವೂ ತಪ್ಪೂ ಹುಟ್ಟುವುದು ಸಹಜವೇ.

ಕೊನೆಯ ಮೆಟ್ಟಿಲು ಹಲ್ಲುಸಾಲು. ತೂತು ಕೊರೆಯುವ ಯಂತ್ರ ಒಂದು ಸಾಲನ್ನು ಬಿಟ್ಟರೆ ಎರಡು ಚೀಟಿಗಳ ನಡುವೆ ಹಲ್ಲಿಲ್ಲದ ಜೋಡಿ ಹುಟ್ಟುತ್ತದೆ. ಎರಡು ಬಾರಿ ಕೊರೆದರೆ ಜೋಡಿಸಾಲು. ಇಲ್ಲಿ ‘ಜೋಡಿ’ ಎಂಬುದನ್ನು ವಾಚಕರು ಗಮನಿಸಬೇಕು. ಹಲ್ಲಿಲ್ಲದ ಒಂಟಿ ಚೀಟಿಯನ್ನು ಕತ್ತರಿಯೂ ಸೃಷ್ಟಿಸಬಲ್ಲುದು. ಎರಡು ಚೀಟಿಗಳ ನಡುವಿನ ಹಲ್ಲಿನ ಲೋಪವನ್ನು ಯಾವ ಕತ್ತರಿಯೂ ಸೃಷ್ಟಿಸಲಾರದು. ಆದುದರಿಂದಲೇ ಈ ದೋಷವನ್ನು ಜೋಡಿಯಲ್ಲಿ ಮಾತ್ರ ನಂಬುವುದು ಸಂಗ್ರಾಹಕರ ನಿಯಮ. ಕೆಲವು ದೇಶಗಳಲ್ಲಿ ಪುಸ್ತಿಕೆಯ ರೂಪದಲ್ಲಿ ಮಾರುವ ಚೀಟಿಗಳಿಗೆ ಒಂದು ಅಂಚು ಸಹಜವಾಗಿಯೇ ನುಣುಪಾಗಿರುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಇಷ್ಟನ್ನೂ ಒಂದೇ ಕಥೆಯಲ್ಲಿ ಕಾಣಬೇಕಾದರೆ ನಮ್ಮ ದೇಶದ ನಾಲ್ಕಾಣೆಯ ಚೀಟಿಗೆ ಬರಬೇಕು. ಮುಂಬಯಿಯ ಫ್ಲೋರಾ ಫೌಂಟನ್ನಿಗೆ ಮೊದಲು ಯಾರ ಹೆಸರನ್ನಿಡಬೇಕೆಂದಿದ್ದರೋ ಆ ಬಾರ್ಟಲ್ ಫ್ರೇರ್, ಮುಂಬಯಿಯ ಗವರ್ನರಾಗುವುದಕ್ಕೆ ಹತ್ತು ವರ್ಷ ಮೊದಲು ಸಿಂಧ್ ಪ್ರಾಂತದ ಕಮಿಷನರಾಗಿದ್ದಾಗ, 1852ರಲ್ಲಿ, ‘ಸಿಂಧ್ ಡಾಕ್’ ಎಂಬ ಉಬ್ಬಚ್ಚಿನ ಚೀಟಿಗಳನ್ನು ಹೊರಡಿಸಿದನು. ಎರಡು ವರ್ಷದ ಬಳಿಕ ಇಡೀ ಭಾರತಕ್ಕೆ ಅನ್ವಯಿಸುವ ಚೀಟಿಗಳು ಕಲ್ಕತ್ತೆಯ ಸರ್ವೇಯರ್ ಜನರಲ್ಲರ ಕಚೇರಿಯಲ್ಲಿ ಕಲ್ಲಚ್ಚಿನಲ್ಲಿ ಸಿದ್ಧವಾದವು. ಅವುಗಳಲ್ಲಿ ನಾಲ್ಕಾಣೆಯದು ದ್ವಿವರ್ಣದ ಚೀಟಿ: ಕೆಂಪು ಚೌಕಟ್ಟು, ಅದರೊಳಗೆ ನೀಲಿಯ ವಿಕ್ಟೋರಿಯಾ ರಾಣಿಯ ತಲೆ. ಎರಡು ಬಣ್ಣಕ್ಕೆ ಎರಡು ಸಲ ಹಾಳೆ ಕಲ್ಲಿನ ಮೇಲೆ ಹೋಗಬೇಕು. 1854ರ ಅಕ್ಟೋಬರಿನ ಮೊದಲ ಮುದ್ರಣದಲ್ಲಿಯೇ ಎಲ್ಲಿಯೋ ಒಂದು ಹಾಳೆ ಎರಡನೆಯ ಸಲ ತಿರುಗಿ ಹೋಯಿತು, ರಾಣಿ ಚೌಕಟ್ಟಿನೊಳಗೆ ತಲೆಕೆಳಗಾದಳು. ಆ ಚೀಟಿಗಳನ್ನು ಕೊಂಡವರಾಗಲಿ, ಹಚ್ಚಿದವರಾಗಲಿ, ಮುದ್ರೆಯೊತ್ತಿದ ಅಂಚೆಯ ನೌಕರನಾಗಲಿ ಅದನ್ನು ಲಕ್ಷಿಸಿದಂತೆ ತೋರದು. 1874ರಲ್ಲಿ ಲಂಡನ್ನಿನ ಫಿಲಾಟೆಲಿಕ್ ಸೊಸೈಟಿಯ ಸಭೆಯಲ್ಲಿ ಪ್ರಕಟವಾಗುವವರೆಗೆ ಸಂಗ್ರಾಹಕಲೋಕಕ್ಕೆ ಅದರ ಅಸ್ತಿತ್ವವೇ ತಿಳಿದಿರಲಿಲ್ಲ. ಇಂದು ಜಗತ್ತಿನಲ್ಲಿ ಪ್ರಾಮಾಣಿಕವೆಂದು ಮನ್ನಣೆ ಪಡೆದವು ಮೂವತ್ತಕ್ಕಿಂತ ಕಡಿಮೆ. ಬಳಸದೆ ಉಳಿದುದು ಒಂದೂ ಇಲ್ಲ. ಅಷ್ಟಕೋನದ ಚಿತ್ರದ ಅಂಚನ್ನನುಸರಿಸಿ ಕತ್ತರಿಸುವುದು ಆ ಕಾಲದವರ ರೂಢಿಯಾಗಿದ್ದುದರಿಂದ, ನಾಲ್ಕು ಮೂಲೆಗಳೂ ಉಳಿದ ಚೌಕಾಕಾರದ ಪ್ರತಿಗಳು ಎರಡೋ ಮೂರೋ ಮಾತ್ರ. ತಪ್ಪು ಎಲ್ಲವುಗಳಲ್ಲಿಯೂ ಒಂದೇ. ಆದರೆ ಮೂಲೆಯುಳ್ಳದಕ್ಕೂ ಮೂಲೆಯಿಲ್ಲದ್ದಕ್ಕೂ ಇರುವ ಬೆಲೆಯ ಅಂತರ ಅಪಾರ.

ಬೆಲೆ ಕಟ್ಟುವ ವಿದ್ಯೆ ಇಲ್ಲಿಂದ ಆರಂಭವಾಗುತ್ತದೆ. ಮೊದಲನೆಯದು ಸಂಖ್ಯೆ: ಎಷ್ಟು ಪ್ರತಿಗಳು ಉಳಿದಿವೆ? ಎರಡನೆಯದು ಸ್ಥಿತಿ: ಅಂಚು, ಬಣ್ಣ, ಅಂಟು, ಮುದ್ರೆಗಳು ಹೇಗಿವೆ? 1918ರಲ್ಲಿ ಅಮೆರಿಕದ 24 ಸೆಂಟಿನ ಚೀಟಿಯೊಂದರ ಮೇಲೆ ಜೆನ್ನಿ ವಿಮಾನ ತಲೆಕೆಳಗಾಗಿ ಅಚ್ಚಾದ ನೂರು ಚೀಟಿಗಳ ಒಂದು ಹಾಳೆಯನ್ನು 24 ಡಾಲರಿಗೆ ಕೊಂಡವನೊಬ್ಬನು ಅದನ್ನು ಕೆಲವೇ ದಿನಗಳಲ್ಲಿ 15,000 ಡಾಲರಿಗೆ ಮಾರಿದನು. ಆ ನೂರರಲ್ಲಿ ಬಹುಕಾಲ ಬ್ಯಾಂಕಿನ ಕತ್ತಲೆಯಲ್ಲಿ ಬೆಳಕು ಕಾಣದೆ ಉಳಿದು, ಬಣ್ಣವೂ ಅಂಟೂ ಕೆಡದಿದ್ದ ಒಂದು ಚೀಟಿ 2023ರ ಹರಾಜಿನಲ್ಲಿ 20 ಲಕ್ಷ ಡಾಲರನ್ನು ಮೀರಿತು. ಮೂರನೆಯದು ಬೇಡಿಕೆ: ಜಗತ್ತಿನಲ್ಲಿ ಒಂದೇ ಇದ್ದರೂ ಕೇಳುವವರಿಲ್ಲದಿದ್ದರೆ ಬೆಲೆಯಿಲ್ಲ. ನಾಲ್ಕನೆಯದು ಅಂಚೆಯ ಇಲಾಖೆಯ ಕೃಪೆ! 1962ರಲ್ಲಿ ಅಮೆರಿಕದ ಡಾಗ್ ಹ್ಯಾಮರ್‌ಶೋಲ್ಡ್ ಸ್ಮಾರಕ ಚೀಟಿಯಲ್ಲಿ ಹಳದಿ ಬಣ್ಣ ತಲೆಕೆಳಗಾದ ಹಾಳೆ ಬೆಳಕಿಗೆ ಬಂದಾಗ, ಅಲ್ಲಿಯ ಪೋಸ್ಟ್‌ಮಾಸ್ಟರ್ ಜನರಲ್ ಅದೇ ತಪ್ಪಿನ ಚೀಟಿಗಳನ್ನು ಬುದ್ಧಿಪೂರ್ವಕವಾಗಿ ನಾಲ್ಕು ಕೋಟಿ ಅಚ್ಚುಹಾಕಿಸಿ, ಭಾಗ್ಯದ ಬಾಗಿಲು ತೆರೆಯಿತೆಂದು ಹಿಗ್ಗಿದವರ ಆಸೆಗೆ ತಣ್ಣೀರೆರಚಿದನು. ತಪ್ಪು ಅದೇ, ಬಣ್ಣ ಅದೇ; ಆಕಸ್ಮಿಕತೆ ಹೋಯಿತು, ಅದರೊಡನೆ ಬೆಲೆಯೂ ಹೋಯಿತು.

ಈ ಕಥೆಯಲ್ಲಿಯೇ ನಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಸಂಗ್ರಾಹಕನು ಹಣ ತೆರುವುದು ತಪ್ಪಿಗಲ್ಲ. ಕಾವಲಿನ ಕಣ್ಣುಗಳನ್ನೆಲ್ಲ ದಾಟಿ ಆ ತಪ್ಪು ಆಕಸ್ಮಿಕವಾಗಿ ಅಂಚೆಯ ಕಿಟಕಿಯಿಂದ ಹೊರಬಂದಿತೆಂಬ ಸಾಕ್ಷ್ಯಕ್ಕೆ. ಆದುದರಿಂದಲೇ ಅಚ್ಚುಕೂಟದ ಕಸದಿಂದ ಹೊರಜಾರಿದ ರದ್ದಿಹಾಳೆ ಎಷ್ಟೇ ವಿಲಕ್ಷಣವಾಗಿರಲಿ, ಕಿಟಕಿಯಲ್ಲಿ ಮಾರಾಟವಾದ ದೋಷದ ಗೌರವ ಅದಕ್ಕೆ ಸಲ್ಲದು. ಆದುದರಿಂದಲೇ ವಂಚಕರು ತಯಾರಿಸುವುದೂ ಸುಳ್ಳು ಸಾಕ್ಷ್ಯವನ್ನೇ: ಬಿಸಿಲಿಗಿಟ್ಟು ಅಥವಾ ಔಷಧದಲ್ಲಿ ಅದ್ದಿ ಬಣ್ಣ ಕಳೆದು ‘ವರ್ಣಲೋಪ’ವೆನ್ನುತ್ತಾರೆ, ಅಗಲ ಅಂಚಿನ ಚೀಟಿಯ ಹಲ್ಲು ಸವರಿ ‘ಹಲ್ಲಿಲ್ಲದ್ದು’ ಎನ್ನುತ್ತಾರೆ, ಅಗ್ಗದ ಚೀಟಿಯ ಮೇಲೆ ಹೊಸ ಮೊಳೆಯಿಂದ ಹಳೆಯ ಸಂಸ್ಥಾನದ ಹೆಸರೊತ್ತುತ್ತಾರೆ. ಬೆಲೆಯುಳ್ಳ ದೋಷವನ್ನು ಕೊಳ್ಳುವವರು ತಜ್ಞಸಮಿತಿಯ ಪ್ರಮಾಣಪತ್ರವನ್ನು ಕೇಳುವುದು ಇದಕ್ಕಾಗಿಯೇ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಸಮಿತಿ ಈ ಕೆಲಸವನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ಮಾಡುತ್ತ ಬಂದಿದೆ.

ಸುಳ್ಳು ಸಾಕ್ಷ್ಯ ಕೆಲವೊಮ್ಮೆ ಕಾಗದದಲ್ಲಲ್ಲ, ಕಥೆಯಲ್ಲಿರುತ್ತದೆ. 1847ರಲ್ಲಿ ಮಾರಿಷಸ್ ದ್ವೀಪದಲ್ಲಿ ಜೋಸೆಫ್ ಬರ್ನಾರ್ಡ್ ಎಂಬ ಕೆತ್ತನೆಗಾರನು ಕೊರೆದ ಚೀಟಿಗಳ ಮೇಲೆ ‘ಪೋಸ್ಟ್ ಪೇಡ್’ ಎಂದಿರಬೇಕಾದಲ್ಲಿ ಮರೆವಿನಿಂದ ‘ಪೋಸ್ಟ್ ಆಫೀಸ್’ ಎಂದಾಯಿತೆಂಬ ದಂತಕಥೆ ಲೋಕಪ್ರಸಿದ್ಧ. ಆ ಚೀಟಿಗಳೆರಡನ್ನು ಹೊತ್ತ ಒಂದು ಪತ್ರ 1850ರ ಜನವರಿಯಲ್ಲಿ ಹೊರಟುದು ಮುಂಬಯಿಯ ಬೈಬಲ್ ಸೊಸೈಟಿಯ ಕಾರ್ಯದರ್ಶಿಗೆ; 1897ರಲ್ಲಿ ಭಾರತದ ಬಜಾರೊಂದರಲ್ಲಿ ದೊರೆತ ಆ ಲಕೋಟೆ ‘ಬಾಂಬೆ ಕವರ್’ ಎಂದೇ ಸಂಗ್ರಾಹಕರಲ್ಲಿ ಹೆಸರಾಯಿತು. ಆದರೆ ಆ ಪದಗಳು ಮರೆವಲ್ಲ, ಉದ್ದೇಶಪೂರ್ವಕವೇ ಎಂಬುದು ಸಂಶೋಧಕರ ನಿರ್ಣಯ. ಅವುಗಳ ಬೆಲೆ ತಪ್ಪಿನದಲ್ಲ, ಅಪೂರ್ವತೆಯದು. ಕಥೆ ಕುಸಿದರೂ ಬೆಲೆ ನಿಂತಿದೆ. ಅಂಥ ಭಾಗ್ಯ ಎಲ್ಲ ಕಥೆಗಳಿಗೂ ಇರುವುದಿಲ್ಲ.

ಇನ್ನು, ನಮ್ಮ ನಗರದಲ್ಲಿ ಚೀಟಿಗೆ ವಂಚಕನಿಗಿಂತ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಗಾಳಿ. ಕಡಲತೀರದ ತೇವಕ್ಕೆ ಅಂಟು ಕರಗಿ ಚೀಟಿ ಆಲ್ಬಮಿಗೆ ಕಚ್ಚಿಕೊಳ್ಳುತ್ತದೆ, ಕಾಗದದ ಮೇಲೆ ತುಕ್ಕಿನ ಚುಕ್ಕೆಗಳೇಳುತ್ತವೆ. ಬೆರಳಿನಿಂದ ಮುಟ್ಟದೆ ಚಿಮಟಿಗೆಯಿಂದ ಹಿಡಿಯುವುದು, ಆಲ್ಬಮನ್ನು ಮಲಗಿಸದೆ ನಿಲ್ಲಿಸಿಡುವುದು, ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವಿರಿಸುವುದು ಮುಂಬಯಿಯ ಸಂಗ್ರಾಹಕನ ನಿತ್ಯವ್ರತಗಳು. ಕ್ಯಾಟಲಾಗಿನಲ್ಲಿ ನಮೂದಾದ ಬೆಲೆ ನಿರ್ದುಷ್ಟ ಪ್ರತಿಯದು. ತುಕ್ಕು ತಾಗಿದ ಪ್ರತಿಗೆ ಅದರ ಅಲ್ಪಾಂಶವೂ ದೊರೆತರೆ ಪುಣ್ಯ.

ಆದಕಾರಣ, ಅಜ್ಜನ ಪೆಟ್ಟಿಗೆಯಲ್ಲೋ ಅಂಚೆಯ ಕಿಟಕಿಯಲ್ಲೋ ವಿಚಿತ್ರವಾದ ಚೀಟಿಯೊಂದು ಕಂಡ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಅದನ್ನು ನೆರೆಚೀಟಿಗಳಿಂದ ಹರಿಯಬೇಡಿ. ದೋಷದ ಚೀಟಿಯ ಪಕ್ಕದಲ್ಲಿರುವ ನಿರ್ದೋಷ ಚೀಟಿಯೇ ಅದರ ಮೊದಲ ಸಾಕ್ಷಿ. ಲಕೋಟೆಯ ಮೇಲಿದ್ದರೆ ನೀರಿನಲ್ಲಿ ನೆನೆಸಬೇಡಿ. ಮುದ್ರೆಯ ದಿನಾಂಕ ಎರಡನೆಯ ಸಾಕ್ಷಿ. ಕೊಂಡ ಸ್ಥಳ, ದಿನಗಳನ್ನು ಒಂದು ಕಾಗದದಲ್ಲಿ ಬರೆದು ರಸೀದಿಯೊಡನೆ ಜೊತೆಗಿಡಿ. ಆಮೇಲೆ ಒಂದು ಒಳ್ಳೆಯ ಭೂತಗನ್ನಡಿಯನ್ನೂ ಅದೇ ಮಾಲೆಯ ಹತ್ತು ಸಾಧಾರಣ ಚೀಟಿಗಳನ್ನೂ ಕೊಳ್ಳಿ. ಸರಿಯಾದುದನ್ನು ನೂರು ಸಲ ನೋಡಿದ ಕಣ್ಣಿಗೆ ಮಾತ್ರ ತಪ್ಪು ತಾನಾಗಿ ಕಾಣುತ್ತದೆ. ನಮ್ಮ ತರುಣನು ಆ ಕತ್ತರಿಸಿದ ಚೀಟಿಯನ್ನು ಎಸೆಯಲಿಲ್ಲ. ತನ್ನ ಹೊಸ ಆಲ್ಬಮಿನ ಮೊದಲ ಪುಟದಲ್ಲಿ, ಸಾಧಾರಣ ಚೀಟಿಯೊಂದರ ಪಕ್ಕದಲ್ಲಿ, ಅಳತೆಗೋಲಾಗಿ ಇರಿಸಿಕೊಂಡಿದ್ದಾನೆ.